ಒಂಬತ್ತನೆಯ ಸುತ್ತು

ಬಲಗೈ ಎತ್ತಿಕೊಂಡು ವೇದಿಕೆಯ ಮೇಲೆ ನಿಂತಿದ್ದ ಸುಹೈಮಿಗೆ ತನ್ನ ಕಂಕುಳಿನ ಬೆವರು ಮುಂದಿನ ಸಾಲಿನವರಿಗೆಲ್ಲ ಕಾಣುತ್ತಿದೆಯೆಂದು ಖಾತ್ರಿಯಾಯಿತು. ಗುರುವಾರವಾದ್ದರಿಂದ ಸರ್ಕಾರಿ ನೌಕರರೆಲ್ಲ ಬಾಟಿಕ್ ಅಚ್ಚಿನ ಅಂಗಿ ತೊಡಬೇಕು. ಹೆಂಡತಿ ಹೋದ ಹಬ್ಬಕ್ಕೆ ತಂದ ಈ ನೇರಳೆ ರೇಷ್ಮೆ ಬೆವರನ್ನು ಮುಚ್ಚುವ ಬಟ್ಟೆಯಲ್ಲ, ಊರಿಗೆಲ್ಲ ಸಾರುವ ಬಟ್ಟೆ. ತಿಂಗಳಿಗೊಮ್ಮೆ ರಾಷ್ಟ್ರೀಯ ಜೀವತಂತ್ರಜ್ಞಾನ ಪ್ರಗತಿ ಮಂಡಳಿಯ ಮುನ್ನೂರು ಮಂದಿ ಈ ತಣ್ಣನೆಯ ಸಭಾಂಗಣದಲ್ಲಿ ಸೇರಿ ಮೊದಲು ರಾಷ್ಟ್ರಗೀತೆ, ಆಮೇಲೆ ಮಂಡಳಿಯ ಗೀತೆ, ಆಮೇಲೆ ಪ್ರಾರ್ಥನೆ, ಕೊನೆಗೆ ಪ್ರಾಮಾಣಿಕತೆಯ ಪ್ರತಿಜ್ಞೆ ಮುಗಿಸಿ, ಹೊರಗೆ ಮೇಜಿನ ಮೇಲೆ ಕಾದಿರುವ ನಾಸಿ ಲೆಮಾಕ್ ಅನ್ನದ ಪೊಟ್ಟಣಗಳಿಗೆ ಮುಗಿಬೀಳುವುದು ಪದ್ಧತಿ. ಈ ತಿಂಗಳು ಪ್ರತಿಜ್ಞೆ ಹೇಳಿಸುವ ಸರದಿ ಅಂಗಾಂಶ ಕೃಷಿ ವಿಭಾಗದ ಮುಖ್ಯಸ್ಥನಾದ ಅವನದು. ‘ನಾನು’ ಎಂದ. ಮುನ್ನೂರು ಬಾಯಿ ‘ನಾನು’ ಎಂದವು. ‘ಸತ್ಯವನ್ನು ಮರೆಮಾಚುವುದಿಲ್ಲ.’ ಮರೆಮಾಚುವುದಿಲ್ಲ ಎಂದು ಹಿಂದಿನ ಸಾಲಿನಿಂದ ಆಕಳಿಕೆಯೊಂದಿಗೆ ಬಂತು. ‘ನನ್ನ ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟುವುದಿಲ್ಲ.’ ಈ ಸಾಲು ಹೋದ ತಿಂಗಳೂ ಇತ್ತೇ, ಇಲ್ಲ ಯಾರಾದರೂ ತನಗೆಂದೇ ಸೇರಿಸಿದರೇ ಎಂದು ಅವನಿಗೆ ಒಂದು ಗಳಿಗೆ ನಾಲಿಗೆ ತಡವರಿಸಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ತನ್ನದು. ಮೂರನೆಯ ಸಾಲಿನಲ್ಲಿ ಸಲ್ಬಿಯಾ ಕೂಡ ಕೈ ಎತ್ತಿಕೊಂಡು ನಿಂತಿದ್ದಳು. ಇಡೀ ಸಭಾಂಗಣದಲ್ಲಿ ಪ್ರತಿಜ್ಞೆಯನ್ನು ಅರ್ಥ ತಿಳಿದು ಹೇಳುತ್ತಿದ್ದವಳು ಬಹುಶಃ ಅವಳೊಬ್ಬಳೇ. ತುಟಿಗಳು ಒಂದೊಂದು ಅಕ್ಷರವನ್ನೂ ಸರಿಯಾಗಿ ಉಚ್ಚರಿಸುತ್ತಿದ್ದವು.

ಅವಳ ವಿಚಾರಣೆ ಇವತ್ತು ಮಧ್ಯಾಹ್ನ ಮೂರು ಗಂಟೆಗೆ. ಇಪ್ಪತ್ತೆರಡು ವರ್ಷ ಪ್ರಯೋಗಾಲಯದಲ್ಲಿ ಬಾಳೆಯ ಕಂದಿನ ತುದಿಗಳನ್ನು ಕತ್ತರಿಸಿ ಬಾಟಲಿಗಳಲ್ಲಿ ನೆಡುತ್ತ ಬಂದ ಸಹಾಯಕಿ. ಮಂಡಳಿಯ ಬಾಗಿಲು ಕಾಯುವವನಿಂದ ಹಿಡಿದು ವಿಭಾಗದ ಮುಖ್ಯಸ್ಥನವರೆಗೆ ಎಲ್ಲರಿಗೂ ‘ಕಾಕ್ ಸಲ್’, ಅಂದರೆ ಸಲ್ ಅಕ್ಕ. ನಿವೃತ್ತಿಗೆ ಹದಿನಾಲ್ಕು ತಿಂಗಳಿದೆ. ತಪ್ಪು ಸಾಬೀತಾದರೆ ವಜಾ, ಪಿಂಚಣಿಯೂ ಇಲ್ಲ. ಸಾಬೀತು ಮಾಡಬೇಕಾದ ಕಾಗದ ಸುಹೈಮಿಯ ಮೇಜಿನ ಮೇಲೆ ಕಂದು ಬಣ್ಣದ ಕಡತದಲ್ಲಿ ನಿನ್ನೆಯಿಂದ ಕೂತಿದೆ: ‘ಬಾಟಲಿಗಳ ಮೇಲಿನ ಸುತ್ತಿನ ಸಂಖ್ಯೆಯನ್ನು ಸದರಿ ಸಹಾಯಕಿ ಮೇಲಧಿಕಾರಿಗಳ ಆದೇಶವಿಲ್ಲದೆ ತಾನಾಗಿ ಬದಲಾಯಿಸಿದ್ದಾಳೆಂದು ದೃಢೀಕರಿಸುತ್ತೇನೆ.’ ಕೆಳಗೆ ಚುಕ್ಕಿಗಳ ಸಾಲು, ಅದರ ಕೆಳಗೆ ಅವನ ಹೆಸರು, ಹೆಸರಿನ ಹಿಂದೆ ಡಾಕ್ಟರ್. ಆ ಸಂಖ್ಯೆಯನ್ನು ಬದಲಾಯಿಸಲು ಹೇಳಿದವನು ಅವನೇ. ಇದು ಇಬ್ಬರಿಗೆ ಗೊತ್ತಿತ್ತು, ಅವನಿಗೆ ಮತ್ತು ಅವಳಿಗೆ. ಮಂಡಳಿಯ ಮಹಾನಿರ್ದೇಶಕ ದಾತುಕ್ ಮನ್ಸೂರರಿಗೂ ಗೊತ್ತಿತ್ತೆಂದು ಹೇಳಬಹುದು. ಆದರೆ ತಮಗೇನು ಗೊತ್ತಿದೆಯೆಂಬುದು ತಮಗೇ ಗೊತ್ತಾಗದಂತೆ ನೋಡಿಕೊಳ್ಳುವ ಕಲೆಯಿಂದಲೇ ಅವರು ದಾತುಕ್ ಎಂಬ ಬಿರುದಿನವರೆಗೆ ಏರಿದ್ದರು.

ವೇದಿಕೆ ಇಳಿದು ಬರುವಾಗ ಯಾರೋ ‘ಒಳ್ಳೆ ಧ್ವನಿ ಡಾಕ್ಟರ್, ರೇಡಿಯೋಗೆ ಹೋಗ್ಬೇಕಿತ್ತು ನೀವು’ ಎಂದರು. ಅವನು ನಕ್ಕ. ನಗುವುದು ಅವನಿಗೆ ಎಷ್ಟು ಸುಲಭವಾಗಿಬಿಟ್ಟಿದೆಯೆಂದರೆ ಮುಖ ಇನ್ಯಾರದೋ ಇರಬೇಕು. ಗೋಡೆಯ ಮೇಲೆ ಮಂಡಳಿಯ ಲಾಂಛನ, ಕನ್ನಡಕ ಹಾಕಿಕೊಂಡ ಒಂದು ಬಾಳೆಹಣ್ಣು, ಹೆಬ್ಬೆರಳು ಎತ್ತಿ ತೋರಿಸುತ್ತಿತ್ತು. ಅದನ್ನು ಆರಿಸಲು ಹನ್ನೊಂದು ಸಭೆಗಳಾಗಿದ್ದವು; ಕನ್ನಡಕ ಬೇಕೋ ಬೇಡವೋ ಎನ್ನುವುದಕ್ಕೇ ಎರಡು. ಆ ಎರಡು ಸಭೆಗಳಲ್ಲೂ ಅವನು ಕೂತಿದ್ದ. ಬೇಕು ಎಂದು ಕೈ ಎತ್ತಿದ್ದ. ಮೂರು ವರ್ಷ ಸೂಕ್ಷ್ಮದರ್ಶಕದ ಕೆಳಗೆ ಬಾಳೆಯ ಎಳೆ ತುದಿಯೊಂದು ಎರಡಾಗುವುದನ್ನು, ಎರಡು ನಾಲ್ಕಾಗುವುದನ್ನು ಊಟ ನಿದ್ದೆ ಬಿಟ್ಟು ನೋಡಿ ಡಾಕ್ಟರನಾದ ಒಬ್ಬ ಮನುಷ್ಯ ಇದ್ದ. ಆ ಮನುಷ್ಯ ಎಲ್ಲಿ ಇಳಿದುಹೋದ, ಯಾವ ನಿಲ್ದಾಣದಲ್ಲಿ, ತನಗೆ ಹೇಳದೆ? ಒಂದು ತುದಿಯಿಂದ ಕತ್ತರಿಸಿ ಮುಂದಿನ ಬಾಟಲಿಗೆ ಹಾಕಿದರೆ ಒಂದು ಸುತ್ತು. ಎಂಟು ಸುತ್ತಿನವರೆಗೆ ಮರಿ ತಾಯಿಯಂತೆಯೇ ಇರುತ್ತದೆ. ಅದರಾಚೆಗೆ ಕತ್ತರಿಸುತ್ತ ಹೋದರೆ ಗಿಡ ತಾನು ಏನಾಗಿತ್ತೆಂಬುದನ್ನು ಮರೆಯತೊಡಗುತ್ತದೆ; ಬಾಟಲಿಯಲ್ಲಿ ಹಸಿರಾಗಿ, ಮುದ್ದಾಗಿಯೇ ಕಾಣುತ್ತದೆ, ನೆಲಕ್ಕಿಳಿದು ಎಂಟು ತಿಂಗಳಾದ ಮೇಲೆ ಅದರ ಬಣ್ಣ ಬಯಲಾಗುತ್ತದೆ. ಇದನ್ನು ಅವನೇ ಬರೆದಿದ್ದ, ತನ್ನ ಪ್ರಬಂಧದಲ್ಲಿ, ಗ್ರಾಫಿನೊಂದಿಗೆ.

ಸಂಖ್ಯೆ ಬದಲಾಯಿಸಲು ಅವನು ಹೇಳಿದ್ದು ಹತ್ತು ಲಕ್ಷದ ವರ್ಷದಲ್ಲಿ. ದೇಶಕ್ಕೆ ಹತ್ತು ಲಕ್ಷ ಬಾಳೆ ಸಸಿ, ಹಳ್ಳಿಹಳ್ಳಿಗೆ ಜೀವತಂತ್ರಜ್ಞಾನ ಎಂದು ಮಂತ್ರಿಗಳು ಯಾವುದೋ ಊಟದ ಹೊತ್ತಿನಲ್ಲಿ ಹೇಳಿಬಿಟ್ಟರು. ಎಲ್ಲಿಂದ ಬಂತು ಆ ಹತ್ತು ಲಕ್ಷ ಎಂದು ಯಾರೂ ಕೇಳಲಿಲ್ಲ. ಒಂಬತ್ತಕ್ಕಿಂತ ಹತ್ತು ಹೇಳಲು ಚೆಂದ ಅಷ್ಟೆ. ದಾತುಕ್ ಸಭೆಯಲ್ಲಿ ‘ಸಂಖ್ಯೆ ನೋಡ್ಕೊಳ್ಳಿ’ ಎಂದರು. ಸುಹೈಮಿ ಕಾರಿಡಾರಿನಲ್ಲಿ ನಿಂತು, ಸಲ್ಬಿಯಾ ಬಾಟಲಿಗಳ ತಟ್ಟೆ ಹಿಡಿದು ಹೋಗುತ್ತಿದ್ದಾಗ, ಹವೆಯ ಬಗ್ಗೆ ಹೇಳುವವನಂತೆ ಹೇಳಿದ್ದ, ‘ಕಾಕ್ ಸಲ್, ಎಂಟಾದ್ಮೇಲೆ ನಿಲ್ಲಿಸ್ಬೇಡಿ. ಮತ್ತೆ ಒಂದು ಅಂತ ಬರ್ಕೊಂಡು ಹೋಗಿ.’ ಅವಳು ತಟ್ಟೆಯನ್ನು ಸೊಂಟಕ್ಕೆ ಆನಿಸಿಕೊಂಡು ನಿಂತಳು. ‘ಒಂಬತ್ತನ್ನ ಒಂದು ಅಂತಾನಾ ಡಾಕ್ಟರ್?’ ‘ಹ್ಞೂಂ. ಹೊಸ ಸಾಲು ಅನ್ಕೊಳ್ಳಿ.’ ‘ಗಿಡ ಅನ್ಕೊಳ್ಳುತ್ತಾ?’ ಎಂದಳು. ತಮಾಷೆಯಾಗಿ ಅಂದಳೋ, ನಿಜವಾಗಿ ಕೇಳಿದಳೋ, ಅವನು ತಮಾಷೆಯೆಂದೇ ತೆಗೆದುಕೊಂಡು ನಕ್ಕು ಮುಂದೆ ಹೋಗಿದ್ದ. ಕಾಗದದ ಮೇಲೆ ಏನೂ ಇರಲಿಲ್ಲ. ಆ ವರ್ಷ ಹತ್ತು ಲಕ್ಷದ ನಾಲ್ಕು ಸಾವಿರದ ಹನ್ನೆರಡು ಸಸಿಗಳಾದವು. ಹೆಚ್ಚಾದ ಆ ನಾಲ್ಕು ಸಾವಿರದ ಹನ್ನೆರಡಕ್ಕೆ ಅವನಿಗೆ ಶ್ರೇಷ್ಠ ಸೇವಾ ಪ್ರಶಸ್ತಿ ಬಂತು. ಗಾಜಿನ ಫಲಕ, ಮನೆಯಲ್ಲಿ ಟಿವಿಯ ಪಕ್ಕದಲ್ಲಿದೆ. ಹೆಂಡತಿ ವಾರಕ್ಕೊಮ್ಮೆ ಒರೆಸುತ್ತಾಳೆ.

ಪಾಕ್ ತಾಹಿರ್ ಎಂಬ ಮುದುಕನ ತೋಟ ಕ್ವಾಲಾ ಪಿಲಾ ಪಟ್ಟಣದ ದಾರಿಯಲ್ಲಿತ್ತು. ಮೂರು ತಿಂಗಳ ಹಿಂದೆ ದೂರು ಬಂದಾಗ ಸುಹೈಮಿ ಮಂಡಳಿಯ ಜೀಪಿನಲ್ಲಿ ಅಲ್ಲಿಗೆ ಹೋದ. ತೋಟ ನೋಡಿದ ಕೂಡಲೇ ಅವನಿಗೆ ಗೊತ್ತಾಯಿತು. ಆಳೆತ್ತರ ಮೀರಬೇಕಿದ್ದ ಬಾಳೆಗಳು ಸೊಂಟದೆತ್ತರಕ್ಕೆ ಕುಗ್ಗಿ, ಎಲೆಗಳೆಲ್ಲ ಒಂದೇ ಕಡೆ ಗಿಡಿದು ತುಂಬಿಕೊಂಡು, ಗೊನೆ ಹೊರಬರಲು ದಾರಿಯಿಲ್ಲದೆ ಕತ್ತಿನಲ್ಲೇ ಸಿಕ್ಕಿಕೊಂಡಿದ್ದವು. ಸಾಲಿಗೆ ಸಾಲು ಹಾಗೆಯೇ. ಮುದುಕ ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ, ಮಗಳನ್ನು ನೋಡಲು ಬಂದವರ ಮುಂದೆ ನಿಂತವನಂತೆ. ‘ನಮ್ ಕಡೆಯಿಂದ್ಲೇ ಏನೋ ತಪ್ಪಾಗಿರ್ಬೇಕು ತುವಾನ್ ಡಾಕ್ಟರ್,’ ಎಂದ. ‘ಸರ್ಕಾರ ಒಳ್ಳೇದೇ ಕೊಟ್ಟಿತ್ತು. ಗೊಬ್ಬರ ಹೆಚ್ಚಾಯ್ತೋ ಏನೋ. ಇಲ್ಲಾ ನನ್ನ ಮಣ್ಣೇ ಕೆಟ್ಟದ್ದೋ.’ ಅವನ ಹೆಂಡತಿ ತಟ್ಟೆಯಲ್ಲಿ ಬೇಯಿಸಿದ ಮರಗೆಣಸು ತಂದಿಟ್ಟಳು, ಬಾಳೆಯೊಂದು ಬಿಟ್ಟು ತೋಟದಲ್ಲಿ ಬೆಳೆದದ್ದು ಅದೇ. ಆಗ ಹೇಳಬಹುದಿತ್ತು. ಜೀಪಿನ ಡ್ರೈವರ್ ದೂರದಲ್ಲಿ ಸಿಗರೇಟು ಸೇದುತ್ತಿದ್ದ, ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲ, ಒಂದೇ ಮಾತು. ಸುಹೈಮಿ ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡ, ಬೆರಳುಗಳಲ್ಲಿ ಉಜ್ಜಿದ, ಮೂಸಿಯೂ ನೋಡಿದ. ‘ಮಣ್ಣಲ್ಲಿ ಹುಳಿ ಜಾಸ್ತಿ ಇದೆ ಪಾಕ್ ತಾಹಿರ್. ಸುಣ್ಣ ಹಾಕ್ಬೇಕು,’ ಎಂದ. ಮುದುಕ ತಲೆಯಾಡಿಸಿದ. ಬೈಗುಳ ಸಿಕ್ಕಿದ್ದು ತನಗೇ ಎಂಬ ಸಮಾಧಾನ ಆ ಮುಖದ ಮೇಲೆ ಕಂಡಿತು. ಸುಹೈಮಿ ಎರಡು ತುಂಡು ಮರಗೆಣಸು ತಿಂದ. ಮುಂದಿನ ತಿಂಗಳು ಆ ಡ್ರೈವರನೇ ಸುದ್ದಿ ತಂದಿದ್ದ: ಮುದುಕ ಹೇಳಿದಷ್ಟಕ್ಕೆ ಎರಡರಷ್ಟು ಸುಣ್ಣ ಸುರಿದು ತೋಟವೆಲ್ಲ ಬೆಳ್ಳಗೆ ಮಾಡಿದ್ದಾನೆ, ಮರಗೆಣಸೂ ಒಣಗಿದೆ. ಅದಾದ ಮೇಲೆ ಉಳಿದ ಜಿಲ್ಲೆಗಳಿಂದಲೂ ದೂರುಗಳು ಬಂದವು, ಪತ್ರಿಕೆಯೊಂದು ಫೋಟೋ ಹಾಕಿತು, ಮಣ್ಣಿನ ಮಾತು ಮುಗಿದು ಮನುಷ್ಯರ ಮಾತು ಶುರುವಾಯಿತು.

‘ಬನ್ನಿ ಬನ್ನಿ, ಪ್ರತಿಜ್ಞೆ ಚೆನ್ನಾಗಿ ಹೇಳಿಸಿದ್ರಿ,’ ಎಂದು ದಾತುಕ್ ಮನ್ಸೂರ್ ತಮ್ಮ ಕೋಣೆಯಲ್ಲಿ ಕೂರಿಸಿಕೊಂಡರು. ಹಿಂದೆ ಗಾಜಿನ ಕಪಾಟಿನ ತುಂಬ ಸ್ಮರಣಿಕೆಗಳು. ಟೀ ಬಂತು, ಹಸಿರು ಬಣ್ಣದ ತೆಂಗಿನ ಮಿಠಾಯಿ ಬಂತು. ‘ಸಹಿ ಆಯ್ತಾ?’

‘ನೋಡ್ತಾ ಇದೀನಿ ದಾತುಕ್.’

‘ನೋಡೋದೇನಿದೆ ಅದ್ರಲ್ಲಿ? ನಾಲ್ಕು ಸಾಲು. ನಾಲ್ಕು ಸಾಲು ಓದೋಕೆ ಡಾಕ್ಟರೇಟ್ ಬೇಕಾ?’ ತಮ್ಮ ಮಾತಿಗೆ ತಾವೇ ನಕ್ಕರು. ‘ಪಾಪದ ಹೆಂಗಸು, ನಂಗೂ ಗೊತ್ತು. ನನ್ನ ಮಗಳ ಮದ್ವೇಲಿ ಬಂದು ಎರಡು ದಿನ ಈರುಳ್ಳಿ ಹೆಚ್ಚಿದಾಳೆ. ಆದ್ರೆ ಯಾರ್ದಾದ್ರೂ ತಪ್ಪು ಆಗ್ಲೇಬೇಕಲ್ಲ. ನಿಮ್ದು ಅನ್ನೋಣ್ವಾ?’

ಸುಹೈಮಿ ಮಿಠಾಯಿ ನುಂಗಿದ.

‘ಹಾಗಂದ್ರೆ ಇನ್ನೊಂದು ಪ್ರಶ್ನೆ ಬರುತ್ತೆ, ನಿಮಗೆ ಯಾರು ಹೇಳಿದ್ರು ಅಂತ. ನಾನೇನೂ ಹೇಳಿಲ್ಲ. ಸಂಖ್ಯೆ ನೋಡ್ಕೊಳ್ಳಿ ಅಂದೆ. ನೋಡ್ಕೊಳ್ಳೋದು ತಪ್ಪಾ?’ ದಾತುಕ್ ಕರವಸ್ತ್ರದಿಂದ ಬೆರಳೊರೆಸಿಕೊಂಡರು. ‘ಮತ್ತೆ ಒಳಗಿರೋ ನಾಲ್ಕು ಸಾವಿರ ಬಾಟ್ಲಿ ಮುಂದಿನ ತಿಂಗಳು ಹೋಗ್ಬೇಕು, ಮಂತ್ರಿಗಳ ಕೈಯಿಂದಾನೇ ಹಂಚಿಸ್ತೀವಿ. ತಪ್ಪು ಮಾಡಿದವಳು ಸಿಕ್ಕಿದಳು, ಉಳಿದದ್ದೆಲ್ಲ ಶುದ್ಧ. ಜನಕ್ಕೆ ನಂಬಿಕೆ ಬರುತ್ತೆ. ಅವಳ ಹತ್ರ ಸುತ್ತಿನ ಪುಸ್ತಕ ಇದೆಯಲ್ಲ, ಅದೊಂದು ಇಸ್ಕೊಂಡು ಸಮಿತಿಗೆ ಕೊಟ್ಬಿಡಿ. ಅವಳ ಕೈಬರಹ ಅದ್ರಲ್ಲಿದೆ, ಸಾಕು.’

ಪ್ರಯೋಗಾಲಯದ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದರೆ ಅದೇ ತಂಪು, ಅದೇ ಬಿಳಿ ಬೆಳಕು, ಕಪಾಟುಗಳಲ್ಲಿ ಸಾಲುಸಾಲು ಬಾಟಲಿ. ಒಂದೊಂದರ ತಳದಲ್ಲಿ ಲೋಳೆಯಂಥ ಆಹಾರ, ಅದರ ಮೇಲೆ ಕಿರುಬೆರಳಿನಷ್ಟು ಬಾಳೆ. ಇಲ್ಲಿಗೆ ಬರುವುದನ್ನು ಅವನು ಯಾವಾಗ ಬಿಟ್ಟ? ಮೊದಲ ವರ್ಷಗಳಲ್ಲಿ ಅವನೂ ಸಲ್ಬಿಯಾಳೂ ಅಕ್ಕಪಕ್ಕ ಕೂತು ಕತ್ತರಿಸುತ್ತಿದ್ದರು. ಅವಳ ಕೈ ಅವನಿಗಿಂತ ಚುರುಕಾಗಿತ್ತು. ಅವನದರಲ್ಲಿ ನೂರಕ್ಕೆ ಆರು ಬಾಟಲಿ ಬೂಷ್ಟು ಹಿಡಿದರೆ ಅವಳದರಲ್ಲಿ ಒಂದೂ ಇಲ್ಲ. ‘ಮೀನು ಹೆಚ್ಚೋ ಮನೇಲಿ ಹುಟ್ಟಿದವಳು ಡಾಕ್ಟರ್, ನಿಮ್ ಹಾಗೆ ಪೆನ್ನು ಹಿಡ್ದು ಹುಟ್ಟಿಲ್ಲ’ ಎಂದು ಚುಡಾಯಿಸುತ್ತಿದ್ದಳು. ಈಗ ಅವಳು ಗಾಳಿ ಸೋಸುವ ಪೆಟ್ಟಿಗೆಯ ಮುಂದೆ ಬೆನ್ನು ಬಾಗಿಸಿ ಕೂತು ಚಿಮುಟದಲ್ಲಿ ಒಂದು ತುದಿಯನ್ನು ಬಾಟಲಿಗೆ ಇಳಿಸುತ್ತಿದ್ದಳು. ಮಧ್ಯಾಹ್ನ ವಿಚಾರಣೆ ಇದ್ದ ಹೆಂಗಸು ಬೆಳಿಗ್ಗೆ ಕೆಲಸಕ್ಕೆ ಕೂತಿರುವುದು ಅವನಿಗೆ ಅಪಮಾನದಂತೆ ಕಂಡಿತು, ತನ್ನನ್ನು ಹಂಗಿಸಲಿಕ್ಕೆಂದೇ ಮಾಡುತ್ತಿರುವಂತೆ.

‘ಕಾಕ್ ಸಲ್, ಸುತ್ತಿನ ಪುಸ್ತಕ ಬೇಕಿತ್ತು. ಸಮಿತಿಯವ್ರು ಕೇಳಿದಾರೆ.’

ಅವಳು ಕೆಲಸ ನಿಲ್ಲಿಸಲಿಲ್ಲ. ಬಾಟಲಿಯ ಬಾಯಿಯನ್ನು ಜ್ವಾಲೆಗೆ ಹಿಡಿದು ಮುಚ್ಚಳ ಹಾಕಿ, ಆಮೇಲೆ ತಿರುಗಿದಳು. ‘ಯಾವ ಪುಸ್ತಕ ಡಾಕ್ಟರ್? ನಿಮ್ದಾ, ಗಿಡದ್ದಾ?’

ಅವನಿಗೆ ಅರ್ಥವಾಗಲಿಲ್ಲ. ಅವಳು ಎದ್ದು ಕೆಳಗಿನ ಡ್ರಾಯರಿನಿಂದ ಎರಡು ಪುಸ್ತಕ ತೆಗೆದಳು. ಒಂದು ಮಂಡಳಿಯ ಮೊಹರಿರುವ ನೀಲಿ ರಿಜಿಸ್ಟರು. ಇನ್ನೊಂದು ಶಾಲೆಯ ಮಕ್ಕಳ ಉದ್ದ ನೋಟುಬುಕ್ಕು, ರಟ್ಟಿಗೆ ಕ್ಯಾಲೆಂಡರಿನ ಹಾಳೆಯ ಹೊದಿಕೆ. ‘ನೀವು ಒಂದು ಬರೀರಿ ಅಂದ್ರಿ, ಇದ್ರಲ್ಲಿ ಬರ್ದೆ. ಗಿಡಕ್ಕೆ ಒಂಬತ್ತೇ ಅಲ್ವಾ, ಇದ್ರಲ್ಲಿ ಬರ್ದೆ. ಯಾರಾದ್ರೂ ಒಬ್ರು ಸರಿಯಾಗಿ ಇಟ್ಕೊಬೇಕಲ್ಲ.’

ನೋಟುಬುಕ್ಕನ್ನು ತೆರೆದ. ದುಂಡಗಿನ ಅಕ್ಷರ, ತಾರೀಖು, ಒಂಬತ್ತು, ಹತ್ತು, ಹನ್ನೊಂದು, ಹದಿನೇಳರವರೆಗೆ. ಮಧ್ಯದ ಪುಟವೊಂದರ ಅಂಚಿನಲ್ಲಿ ಆ ದಿನದ ತಾರೀಖಿನೊಂದಿಗೆ: ಇವತ್ತು ಡಾಕ್ಟರ್ ಸುಹೈಮಿ ಕಾರಿಡಾರಿನಲ್ಲಿ ಹೇಳಿದರು, ಎಂಟಾದ ಮೇಲೆ ಒಂದು ಎಂದು ಬರೆಯಬೇಕಂತೆ. ದೂರಿಲ್ಲ, ವ್ಯಾಖ್ಯಾನವಿಲ್ಲ. ಮಳೆ ಬಂತು ಎಂದು ಬರೆದಂತೆ ಬರೆದಿದ್ದಳು. ಇಷ್ಟು ಸಾಕು. ಈ ಒಂದು ಸಾಲನ್ನು ಸಮಿತಿಯ ಮುಂದಿಟ್ಟರೆ ಅವಳು ಉಳಿಯುತ್ತಾಳೆ, ಅವನು ಮುಳುಗುತ್ತಾನೆ.

‘ಇದನ್ನ ನೀವೇ ಯಾಕೆ ಕೊಟ್ಟಿಲ್ಲ ಅವ್ರಿಗೆ?’ ಎಂದು ಕೇಳಿದ.

‘ನಾನು ಕೊಟ್ರೆ ಸಹಾಯಕಿ ಬರ್ಕೊಂಡಿದ್ದು ಅಂತಾರೆ. ನೀವು ಕೊಟ್ರೆ ಪುಸ್ತಕ ಆಗುತ್ತೆ.’ ಮತ್ತೆ ಕೂತು ಕೈಗೆ ಸ್ಪಿರಿಟ್ಟು ಹಚ್ಚಿಕೊಂಡಳು. ‘ಎರಡೂ ತಗೊಂಡ್ಹೋಗಿ. ಓದಿದವ್ರು ನೀವು. ಕೆಲಸ ಆದ್ಮೇಲೆ ನಂದು ವಾಪಸ್ ಕೊಡಿ.’

ತನ್ನ ಕೋಣೆಗೆ ಬಂದು ಬಾಗಿಲು ಹಾಕಿಕೊಂಡು ಕೂತ. ಮೊದಲು ತಾನು ಎರಡನ್ನೂ ಕೊಡುವವನೇ ಎಂದು ನಿಶ್ಚಯಿಸಿದ. ನಿಶ್ಚಯಿಸಿದ ಕೂಡಲೇ ತನ್ನ ಬಗ್ಗೆ ಎಷ್ಟು ಗೌರವ ಬಂತೆಂದರೆ, ಆ ಗೌರವವನ್ನು ಸ್ವಲ್ಪ ಹೊತ್ತು ಅನುಭವಿಸಲೆಂದು ಸುಮ್ಮನೆ ಕೂತ. ಎದ್ದು ನಿಂತು ‘ಹೇಳಿದ್ದು ನಾನೇ’ ಎನ್ನುವುದು, ಸಮಿತಿಯವರು ಬೆರಗಾಗುವುದು, ದಾತುಕರ ಮುಖ ಕಪ್ಪಿಡುವುದು, ಸಲ್ಬಿಯಾ ಅಳುವುದು. ಎಲ್ಲವೂ ಕಣ್ಣೆದುರು ಬಂತು. ಅಳುತ್ತಾಳೆಯೇ? ಅವಳು ಅಳುವ ಹೆಂಗಸಲ್ಲ ಎನ್ನಿಸಿ ಚಿತ್ರ ಸ್ವಲ್ಪ ಮಂಕಾಯಿತು. ಆಮೇಲೆ ಮಗನ ವಿಶ್ವವಿದ್ಯಾಲಯ, ಹೆಂಡತಿ ಅವಳ ತಂಗಿಯರಿಗೆ ಏನು ಹೇಳುವಳು ಎನ್ನುವುದು, ‘ಬಾಳೆ ಡಾಕ್ಟರ್’ ಎಂದು ಪತ್ರಿಕೆಯವರು ಇಡುವ ಹೆಸರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನೋಟುಬುಕ್ಕನ್ನು ಸದ್ಯ ಎತ್ತಿಟ್ಟು, ಅವಳ ಪರವಾಗಿ ಬೇರೆ ಏನಾದರೂ, ಒಳ್ಳೆಯ ಮಾತಿನ ಒಂದು ಪತ್ರ, ಇಪ್ಪತ್ತೆರಡು ವರ್ಷದ ನಿಷ್ಠೆ ಎಂದೆಲ್ಲ. ಆದರೆ ಎತ್ತಿಡುವುದೆಲ್ಲಿ? ಇದ್ದರೆ ಇದೆ ಎಂದೇ ಅಲ್ಲವೇ? ಕಾಗದ ಚೂರು ಮಾಡುವ ಯಂತ್ರ ಅವನ ಮೇಜಿನ ಪಕ್ಕದಲ್ಲೇ ಇತ್ತು, ವಿಭಾಗದ ಮುಖ್ಯಸ್ಥರಿಗೆಲ್ಲ ಒಂದೊಂದು ಕೊಟ್ಟಿದ್ದರು. ಇಡೀ ಪುಸ್ತಕ ಅದಕ್ಕೆ ಹಿಡಿಸಲಿಲ್ಲ. ಹೊಲಿಗೆ ಬಿಚ್ಚಿ ಎರಡೆರಡು ಹಾಳೆಯಾಗಿ ತುರುಕಬೇಕಾಯಿತು. ಕಾರಿಡಾರಿನ ಮಾತಿದ್ದ ಹಾಳೆಯನ್ನು ಮೊದಲು ಹಾಕಿದ. ಅಲ್ಲಿಗೆ ನಿಲ್ಲಿಸಬಹುದಿತ್ತು, ಆದರೆ ಕೈಗೆ ಲಯ ಹತ್ತಿತ್ತು. ಕೊನೆಯ ನಾಲ್ಕು ಪುಟಗಳಲ್ಲಿ ಬರೀ ಬಾಟಲಿಗಳ ಸಂಖ್ಯೆ, ಒಂದೊಂದರ ಸುತ್ತ ಪೆನ್ಸಿಲಿನ ಸೊನ್ನೆ. ಏನೋ ಹೆಂಗಸಿನ ಲೆಕ್ಕಾಚಾರ ಎಂದುಕೊಂಡು ಅವನ್ನೂ ಹಾಕಿದ. ಯಂತ್ರ ನಿಂತಾಗ ಅವನಿಗೆ ಹಸಿವಾಗಿತ್ತು. ಬೆಳಿಗ್ಗೆಯ ನಾಸಿ ಲೆಮಾಕ್ ಪೊಟ್ಟಣ ಮೇಜಿನ ಮೇಲೆ ಹಾಗೆಯೇ ಇತ್ತು. ಬಿಚ್ಚಿ, ಖಾರದ ಗೊಜ್ಜಿನ ಸಮೇತ ಪೂರ್ತಿ ತಿಂದು, ಕೈ ತೊಳೆದುಕೊಂಡು ಬಂದು ಸಹಿ ಹಾಕಿದ.

ವಿಚಾರಣೆ ಇಪ್ಪತ್ತು ನಿಮಿಷ ನಡೆಯಿತು. ದಾತುಕ್ ನಡುವಿನ ಕುರ್ಚಿಯಲ್ಲಿ, ಪಕ್ಕದಲ್ಲಿ ಪ್ರಾಮಾಣಿಕತೆ ವಿಭಾಗದ ಅಧಿಕಾರಿಣಿ, ಎದುರಿಗೆ ಸಲ್ಬಿಯಾ, ಗೋಡೆಯ ಬದಿಗೆ ಸಾಕ್ಷಿಯಾಗಿ ಸುಹೈಮಿ. ನೀಲಿ ರಿಜಿಸ್ಟರನ್ನು ತೆರೆದು ಇದು ನಿನ್ನ ಕೈಬರಹವೇ ಎಂದು ಕೇಳಿದರು. ಹೌದು ಎಂದಳು. ಒಂಬತ್ತಿರಬೇಕಾದ ಕಡೆ ಒಂದು ಬರೆದದ್ದು ನೀನೇ ತಾನೇ ಎಂದರು. ನಾನೇ ಎಂದಳು. ಅಧಿಕಾರಿಣಿ ಎಳೆ ವಯಸ್ಸಿನವಳು, ಈ ಕೆಲಸಕ್ಕೆ ಹೊಸಬಳು, ಅವಳಿಗೆ ಏನೋ ಕಸಿವಿಸಿ. ‘ಕಾಕ್, ಯಾರಾದ್ರೂ ಹೇಳಿದ್ರಾ ನಿಮಗೆ ಹಾಗೆ ಬರೀರಿ ಅಂತ? ಬೇರೆ ಏನಾದ್ರೂ ದಾಖಲೆ ಇದೆಯಾ?’ ಎಂದು ಕೇಳಿದಳು.

ಸಲ್ಬಿಯಾ ಸುಹೈಮಿಯ ಕಡೆ ತಿರುಗಿದಳು. ಅವನು ತನ್ನ ಮೊಣಕಾಲುಗಳನ್ನು ನೋಡುತ್ತಿದ್ದ. ಅವಳು ಕಾಯುತ್ತಿದ್ದಾಳೆಂದು ಗೊತ್ತಾಗುತ್ತಿತ್ತು. ಅಧಿಕಾರಿಣಿಯ ಪೆನ್ನು ಕಾಗದದ ಮೇಲೆ ನಿಂತಿತ್ತು, ದಾತುಕ್ ಕೆಮ್ಮಿದರು. ಎದ್ದೇಳು, ಎಂದು ಸುಹೈಮಿ ತನ್ನ ಮೊಣಕಾಲಿಗೆ ಹೇಳಿದ. ಅದು ಏಳಲಿಲ್ಲ.

‘ಇಲ್ಲ,’ ಎಂದಳು ಸಲ್ಬಿಯಾ. ‘ಏನೂ ಇಲ್ಲ.’

ಇವತ್ತಿನಿಂದಲೇ ವಜಾ, ಪಿಂಚಣಿ ಇಲ್ಲ, ಸಂಜೆಯೊಳಗೆ ಕೀಲಿಕೈ ಒಪ್ಪಿಸಬೇಕು ಎಂದು ಬರೆದುಕೊಂಡರು. ಹೊರಗೆ ಬರುವಾಗ ದಾತುಕ್ ಸುಹೈಮಿಯ ಭುಜ ಒತ್ತಿದರು. ಅವನು ಲಿಫ್ಟಿಗೆ ಕಾಯದೆ ಮೆಟ್ಟಿಲಿಳಿದ. ಬೇಗ ಕಾರಿಗೆ ಹೋಗಿ ಸೇರಿಕೊಳ್ಳಬೇಕು. ಎರಡನೆಯ ಮಹಡಿಯ ತಿರುವಿನಲ್ಲಿ ಅವಳು ನಿಂತಿದ್ದಳು, ಕೀಲಿಕೈ ಗೊಂಚಲು ಕೈಯಲ್ಲಿ ಹಿಡಿದು.

‘ನೀವು ಯಾಕೆ ಇಲ್ಲ ಅಂದ್ರಿ?’ ಎಂದ, ತಪ್ಪು ಅವಳದೇ ಎನ್ನುವ ಧಾಟಿಯಲ್ಲಿ.

‘ನೀವು ಹೇಳ್ತೀರೇನೋ ಅಂತ ನೋಡ್ದೆ. ಹೇಳ್ಲಿಲ್ಲ. ನೀವು ಸುಮ್ನಿದ್ದು ನಾನು ಇದೆ ಅಂದ್ರೆ ಸುಳ್ಳು ಅಂತಿದ್ರಿ, ಅದನ್ನ ನಿಮ್ ಬಾಯಲ್ಲಿ ಕೇಳೋದ್ಯಾಕೆ ಅಂತ.’ ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಮಾಡಿಕೊಳ್ಳಲು ಎದುರಿಗೆ ಒಬ್ಬ ಮನುಷ್ಯ ಬೇಕು ತಾನೇ. ‘ಹೋಗ್ಲಿ ಬಿಡಿ. ನನ್ ಪುಸ್ತಕ ಕೊಡಿ.’

‘ಯಾಕೆ ಈಗ?’

‘ನಲವತ್ತು ಬಾಟ್ಲಿ ಇದಾವೆ ಒಳಗೆ. ಆಗಿನ ಕಾಲದ್ದು, ಐದನೇ ಸುತ್ತಲ್ಲೇ ನಿಲ್ಸಿ, ತಣ್ಣನೆ ಜಾಗದಲ್ಲಿ ಬದುಕಿಸ್ಕೊಂಡು ಬಂದಿದೀನಿ, ತಾಯಿ ಗಿಡ ಹೇಗಿತ್ತೋ ಹಾಗೇ. ಬೇರೆ ಇಟ್ರೆ ಯಾಕೆ ಬೇರೆ ಅಂತ ಕೇಳ್ತಿದ್ರು, ಅದಕ್ಕೆ ದೂರು ಬಂದ್ಮೇಲೆ ನಾಲ್ಕು ಸಾವಿರದ ಮಧ್ಯೆ ತಂದಿಟ್ಟಿದೀನಿ. ನಂಬರೆಲ್ಲ ಕೊನೆ ಪುಟಗಳಲ್ಲಿದೆ, ಸುತ್ತ ಸೊನ್ನೆ ಹಾಕಿದೀನಿ. ಅದನ್ನ ಮನೆಗೆ ತಗೊಂಡ್ಹೋಗಿ ಬೇರು ಬರಿಸಿ ಆ ತಾಹಿರ್ ಮುದುಕನಿಗೆ ಕೊಡ್ತೀನಿ. ಪೇಪರಲ್ಲಿ ನೋಡ್ದೆ ಅವನ ಫೋಟೋ, ಸುಣ್ಣದ ಮಧ್ಯೆ ನಿಂತಿದ್ದ.’

ಸುಹೈಮಿ ಮೆಟ್ಟಿಲಿನ ಕಟಕಟೆ ಹಿಡಿದುಕೊಂಡ. ‘ಎಲ್ಲೋ ಇಟ್ಟಿದೀನಿ. ಹುಡುಕ್ತೀನಿ,’ ಎಂದ. ‘ನಂಬರು ನಿಮಗೆ ನೆನಪಿರುತ್ತಲ್ಲ ಕಾಕ್ ಸಲ್?’ ಎಂದ ಮತ್ತೆ, ಅಷ್ಟರಲ್ಲೇ ತಾನು ಎಲ್ಲವನ್ನೂ ಹೇಳಿಬಿಟ್ಟೆನೆಂದು ತಿಳಿಯಿತು.

‘ನೆನಪಿರೋ ಹಾಗಿದ್ರೆ ಯಾಕೆ ಬರೀತಿದ್ದೆ ಡಾಕ್ಟರ್?’ ಎಂದಳು. ಅಷ್ಟು ಹೇಳುವಾಗ ಮಾತ್ರ, ಆ ದಿನದಲ್ಲಿ ಮೊದಲ ಸಲ, ಅವಳ ಧ್ವನಿ ಒಡೆಯಿತು. ಪಿಂಚಣಿ ಹೋದಾಗ ಒಡೆಯದ ಧ್ವನಿ.

ಅವಳು ಪ್ರಯೋಗಾಲಯದ ಬೀಗ ತೆಗೆದಳು. ಅವನು ಯಾಕೆ ಹಿಂದೆ ಹೋದನೋ ಅವನಿಗೇ ತಿಳಿಯದು. ಅವಳು ಮೂಲೆಯಲ್ಲಿದ್ದ ಆಟೋಕ್ಲೇವನ್ನು, ಬಾಟಲಿಗಳನ್ನು ಉಗಿಯಲ್ಲಿ ಬೇಯಿಸುವ ಆ ದೊಡ್ಡ ಉಕ್ಕಿನ ಪಾತ್ರೆಯನ್ನು, ನೀರು ತುಂಬಿ ಹಚ್ಚಿದಳು. ಏನು ಮಾಡ್ತಿದೀರಿ ಎಂದು ಅವನು ಕೇಳಿದ. ‘ಇವು ಹೊರಗೆ ಹೋಗ್ಬಾರ್ದು,’ ಎಂದಳು. ‘ಇನ್ನೆಷ್ಟು ಜನ ಸುಣ್ಣ ಹಾಕ್ಬೇಕು?’ ಅವು ಸರ್ಕಾರದ ಸ್ವತ್ತು ಎಂದು ಬಾಯಿಗೆ ಬಂದ ಮಾತನ್ನು ಅವನು ಹೇಗೋ ತಡೆದುಕೊಂಡ. ಅವಳು ಕಪಾಟಿನ ಮುಂದೆ ನಿಂತು ಮೇಲಿನಿಂದ ಕೆಳಗಿನವರೆಗೆ ನೋಡುತ್ತಿದ್ದಳು. ಒಂದು ಬಾಟಲಿ ಎತ್ತಿ ಬೆಳಕಿಗೆ ಹಿಡಿದಳು, ಇಟ್ಟಳು, ಇನ್ನೊಂದು ಎತ್ತಿದಳು. ಎಲ್ಲವೂ ಒಂದೇ ಎತ್ತರ, ಒಂದೇ ಹಸಿರು. ಹದಿನೇಳು ಸಲ ಕತ್ತರಿಸಿದ್ದೂ ಐದು ಸಲ ಕತ್ತರಿಸಿದ್ದೂ ಒಂದೇ ಥರ ಪುಟ್ಟ ಎಲೆ ಬಿಚ್ಚಿಕೊಂಡು ಗಾಜಿನೊಳಗೆ ನಿಂತಿದ್ದವು. ಕೊನೆಗೆ ಅವಳು ಅವನ ಕಡೆ ತಿರುಗಿದಳು. ಆ ಮುಖದಲ್ಲಿ ಈಗ ಇದ್ದದ್ದು ಬೇಡಿಕೆ, ಬೇರೆ ದಾರಿಯೇ ಇಲ್ಲದವರು ಕೇಳುವಂಥದ್ದು.

‘ನೀವು ಇದ್ರಲ್ಲೇ ಡಾಕ್ಟರ್ ಆದವ್ರು. ನೋಡಿದ್ರೆ ಏನಾದ್ರೂ ಗೊತ್ತಾಗುತ್ತಾ? ಒಂದಾದ್ರೂ?’

ನೋಡಿ ಹೇಳಲಾಗುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಅದನ್ನೇ ಸಾಬೀತು ಮಾಡಲು ಅವನು ಮೂರು ವರ್ಷ ಕಳೆದಿದ್ದ. ಗೊತ್ತಾಗುವುದಿಲ್ಲ ಎಂದು ಒಂದು ಮಾತು ಹೇಳಿದರೆ ಸಾಕಿತ್ತು, ಇಡೀ ದಿನದಲ್ಲಿ ಅವನು ಆಡಬಹುದಾಗಿದ್ದ ಒಂದೇ ಒಂದು ನಿಜ ಅದು, ಅದಕ್ಕೆ ಧೈರ್ಯವೂ ಬೇಕಿರಲಿಲ್ಲ. ಅವನು ಕಪಾಟಿನ ಹತ್ತಿರ ಹೋದ, ಕನ್ನಡಕ ಸರಿಮಾಡಿಕೊಂಡ, ಬಗ್ಗಿ ಎರಡು ಮೂರು ಬಾಟಲಿಗಳನ್ನು ಪರೀಕ್ಷಿಸಿದ. ಬೆರಳು ತಾನಾಗಿ ಮೇಲೆದ್ದಿತು. ‘ಈ ಸಾಲು,’ ಎಂದ. ‘ನೋಡಿ, ಎಲೆ ಬುಡ ಗಟ್ಟಿಯಾಗಿದೆ. ಆ ನಲವತ್ತು ಇವೇ ಇರ್ಬೇಕು.’ ಧ್ವನಿಯಲ್ಲಿ ಎಳ್ಳಷ್ಟೂ ನಡುಕವಿರಲಿಲ್ಲ.

ಸಲ್ಬಿಯಾ ಆ ಸಾಲನ್ನು ನೋಡಿದಳು, ಅವನನ್ನು ನೋಡಿದಳು. ಆಮೇಲೆ ಆ ಸಾಲಿನ ಬಾಟಲಿಗಳನ್ನೇ ಮೊದಲು ತಟ್ಟೆಗೆ ಹಾಕಿಕೊಂಡು ಹೋಗಿ ಉಗಿಯೊಳಗೆ ಇಟ್ಟಳು.